ಬಾಗಿಲ ಈಚೆ ನಿಂತ ಕಥೆ

ಹದಿನಾಲ್ಕು, ಗುರುವಾರ. ರಾತ್ರಿ.

ಅತ್ತಿಗೆಯ ಒಂದು ಮಾತು ಬೆಳಗಿನಿಂದ ತಲೆಯಲ್ಲಿ ಗುಂಯ್‌ಗುಡುತ್ತಿದೆ. ಅವಳನ್ನೇ ಪಾತ್ರವಾಗಿಟ್ಟುಕೊಂಡು ಬರೆದ ಕಥೆಯನ್ನು ಅವಳಿಗೇ ಓದಿ ಹೇಳಿದ್ದೆ. ಹೊಗಳಲಿ ಅಂತ, ಇನ್ಯಾಕೆ. ಕಥೆಯಲ್ಲಿ, ಅಣ್ಣನ ಜೊತೆ ಜಗಳವಾಡಿದವಳು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅಳುತ್ತಾಳೆ. ಕಣ್ಣೀರು ಕುತ್ತಿಗೆಗೆ ಇಳಿದದ್ದನ್ನೂ ಬಿಟ್ಟಿರಲಿಲ್ಲ.

ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಚಿಲಕ ಹಾಕ್ಕೊಂಡಿದ್ನಲ್ಲೇ. ನೀನು ಎಲ್ಲಿಂದ ನೋಡ್ದೆ?"

"ಕಥೆ ಅಲ್ವಾ ಅತ್ತಿಗೆ. ಹೇಳೋರಿಗೆ ಎಲ್ಲಾ ಕಾಣ್ಸುತ್ತೆ."

"ಹಾಗಾದ್ರೆ ಸರಿಯಾಗಿ ಕಾಣ್ಸಿಲ್ಲ ಬಿಡು. ನಾನು ಅಳ್ತಿದ್ದೆ ಅಂತ ಯಾರು ಹೇಳಿದ್ರು?" ಎಂದು ನಕ್ಕು ದಿಂಬಿನ ಕವರ್ ಕೊಡವಿದಳು. ಅಷ್ಟೇ.

ಎಷ್ಟು ಕೊಬ್ಬು ನನಗೆ! ಹಲ್ಲಿಯ ಹಾಗೆ ಸೂರಿಗೆ ಅಂಟಿಕೊಂಡು, ಅವಳ ಮನಸ್ಸಿನೊಳಗೂ ಇಣುಕಿ ಬಂದವಳಂತೆ ಬರೆದುಬಿಟ್ಟೆ.

ಈಗ ಮನೆಯೆಲ್ಲ ನೀರಿನಡಿ ಇದ್ದಂತಿದೆ. ಗೋಡೆಗಳು ಮೆತ್ತಗಾಗಿವೆ, ಬೆರಳಿಟ್ಟರೆ ಒಳಗೆ ಹೋಗಿಬಿಡಬಹುದೇನೋ. ಆದರೆ ನಾನು ಹೋಗುವುದಿಲ್ಲ. ಕಥೆಯನ್ನು ಹೊಸದಾಗಿ, ಬಚ್ಚಲ ಬಾಗಿಲ ಈಚೆಯಿಂದಲೇ ಹೇಳುತ್ತೇನೆ, ಅಲ್ಲಿ ನಿಂತಿದ್ದ ನಾದಿನಿಯಾಗಿ, 'ನಾನು' ಅಂತಲೇ. ಆ ನಾದಿನಿಗೆ ಕಾಣುವುದು ಬಾಗಿಲ ಕೆಳಗಿನ ಬೆಳಕಿನ ಗೆರೆ ಮಾತ್ರ. ಕಥೆ ಬಡವಾದರೆ ಆಗಲಿ.

ಅಗೋ, ನಲ್ಲಿ ಬಿಟ್ಟ ಸದ್ದು. ಅಣ್ಣನ ಗೊರಕೆ ಇಲ್ಲಿಗೇ ಕೇಳುತ್ತಿದೆ, ಅಂದರೆ ಬಚ್ಚಲಲ್ಲಿರುವುದು ಅತ್ತಿಗೆಯೇ. ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು, ತೆಳ್ಳಗೆ. ಅಳುವೋ, ಹಾಡು ಗುನುಗುತ್ತಿದ್ದಾಳೋ, ತಿಳಿಯುತ್ತಿಲ್ಲ.

ಅವಳ ಟವೆಲ್ ಇಲ್ಲೇ ಕುರ್ಚಿಯ ಮೇಲೆ ಉಳಿದಿದೆ. ಕೊಟ್ಟು ಬರುತ್ತೇನೆ. ಕದ ತಟ್ಟಿ, ಮುಖ ಆಚೆ ತಿರುಗಿಸಿಕೊಂಡು, ಕೈ ಮಾತ್ರ ಚಾಚುತ್ತೇನೆ.