ಹಾಡು ಕೇಳಿದ ಮಗುವನ್ನು ಕಳ್ಳಿ ಎಂದವರಿಗೆ

ಧ್ವನಿಮುದ್ರಣ ಕಂಪನಿಗಳ ಒಕ್ಕೂಟದ ಅಧ್ಯಕ್ಷರಿಗೆ,

ಮಾನ್ಯರೇ, ಕಳೆದ ತಿಂಗಳು ನನ್ನ ಮೇಲಿನ ದಾವೆಯನ್ನು ನೀವು ಹಿಂತೆಗೆದುಕೊಂಡಿರಿ. ಇದಕ್ಕೆ ನಾನು ಸಂತೋಷಪಡಬೇಕೆಂದು ನಿಮ್ಮ ವಕೀಲರು ಹೇಳಿಕಳಿಸಿದ್ದಾರೆ. ಕಾಗದವನ್ನು ಹಿಂತೆಗೆದುಕೊಳ್ಳುವುದು ಸುಲಭ. ಆ ಕಾಗದದ ದೆಸೆಯಿಂದ ನನ್ನ ಮನೆ ಬಿಟ್ಟುಹೋದ ಹುಡುಗಿಯನ್ನು ಹಿಂದಕ್ಕೆ ಕರೆತರಲು ಯಾವ ನ್ಯಾಯಾಲಯಕ್ಕೆ ಹೋಗಬೇಕು, ಅದನ್ನು ತಿಳಿಸಿ. ನಿಮ್ಮ ಕಚೇರಿಗೆ ಬರೆದರೆ ಉತ್ತರ ಬರುವುದಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ನಾನು ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ ಶಾಲೆಯ ಬಸ್ಸು ಓಡಿಸುವವಳು. ಗಂಡ ತೀರಿಕೊಂಡ ಮೇಲೆ, ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ನಮ್ಮ ಜಿಲ್ಲಾಡಳಿತವಾದ ಕೌಂಟಿಯ ಪರವಾಗಿ ಮನೆಯಲ್ಲಿಟ್ಟುಕೊಂಡು ಸಾಕುತ್ತೇನೆ. ರೊಶೆಲ್ ಬಂದಾಗ ಅವಳಿಗೆ ಹದಿಮೂರು ವರ್ಷ. ತಾಯಿ ಜೈಲಿನಲ್ಲಿದ್ದಳು, ಅಂಗಡಿಗಳಲ್ಲಿ ಕಳವು ಮಾಡಿದ ಆರೋಪದ ಮೇಲೆ. ಹುಡುಗಿ ಕೇಳಿದ್ದಕ್ಕೆ ಹೌದು, ಇಲ್ಲ ಅನ್ನುತ್ತಿದ್ದಳೇ ಹೊರತು ಇನ್ನೊಂದು ಮಾತಿಲ್ಲ. ಚಳಿಗಾಲ ಪೂರ್ತಿ ಹಾಗೇ ಕಳೆಯಿತು. ಆಮೇಲೆ ಒಂದು ದಿನ, ನಾನು ಪಿರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಾಗ, ಆಲೂಗಡ್ಡೆ ಕಿವುಚುತ್ತ ನಿಂತಿದ್ದವಳು ಸಣ್ಣಗೆ ಹಾಡತೊಡಗಿದಳು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯ.

"ಯಾವ ಹಾಡೇ ಅದು?" ಎಂದು ಊಟದ ಹೊತ್ತಿಗೆ ಕೇಳಿದೆ.

"ಅಮ್ಮ ಜಡೆ ಹಾಕೋವಾಗ ಹಾಡ್ತಿದ್ಲು. ನಂಗೆ ಅರ್ಧ ಮರ್ತೋಗಿತ್ತು. ನಿಮ್ಮ ಕಂಪ್ಯೂಟರ್‌ನಲ್ಲಿ ಹುಡುಕಿದೆ, ಪೂರ್ತಿ ಸಿಕ್ತು."

ಮಾನ್ಯರೇ, ನಿಮ್ಮ ಸಾಮ್ರಾಜ್ಯದ ಬುನಾದಿಯನ್ನೇ ಅಲುಗಾಡಿಸಿದ ಅಪರಾಧ ಇದು. ನನ್ನ ಗಂಡ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ಆ ಹುಡುಗಿ ತನ್ನ ತಾಯಿಯ ಹಾಡುಗಳನ್ನು ದುಡ್ಡು ಕೊಡದೆ ಅಂತರ್ಜಾಲದಿಂದ ಒಂದೊಂದಾಗಿ ಇಳಿಸಿಕೊಂಡಳು. ಅವುಗಳಲ್ಲಿ ಎಷ್ಟೋ ಹಾಡುಗಳ ಮಾರಾಟವನ್ನು ನೀವೇ ಎಂದೋ ನಿಲ್ಲಿಸಿದ್ದಿರಿ. ಮಾರುವುದೂ ಇಲ್ಲ, ಕೇಳಗೊಡುವುದೂ ಇಲ್ಲ ಎಂದರೆ ಹಾಡು ಇರುವುದಾದರೂ ಏತಕ್ಕೆ? ಬೀಗ ಹಾಕಿಡುವುದಕ್ಕೆ ಮಾತ್ರವೇ?

ದಾವೆಯ ನೋಟೀಸು ಬಂದದ್ದು ನನ್ನ ಹೆಸರಿಗೆ. ಅದರಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದೆ. ನಿಮ್ಮ ಕಡೆಯವನು ಬಹಳ ಸೌಜನ್ಯದಿಂದಲೇ ಮಾತಾಡಿದ.

"ಮನೇಲಿ ಮಕ್ಕಳಿದಾರಾ ಮೇಡಂ?"

"ಒಬ್ಬಳಿದಾಳೆ."

"ಹಾಗಾದ್ರೆ ಮಾಡಿದ್ದು ಅವಳೇ ಅಂತ ಬರ್ಕೊಡಿ. ನಿಮ್ಮ ಹೆಸರು ಕೈಬಿಡ್ತೀವಿ."

"ಕೈಬಿಟ್ಟು?"

"ಅವಳ ಹೆಸರು ಸೇರಿಸ್ತೀವಿ."

"ಅವಳು ನಾನು ಹೆತ್ತ ಮಗು ಅಲ್ಲಪ್ಪ. ಕೌಂಟಿಯವರು ನನ್ನ ನಂಬಿ ಬಿಟ್ಟಿರೋದು."

"ಹಾಗಿದ್ರೆ ನಿಮಗೆ ಇನ್ನೂ ಸುಲಭ ಅಲ್ವಾ ಮೇಡಂ?" ಎಂದ.

ಆ ಮಾತು ಹೇಳುವಾಗ ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಇಷ್ಟು ನಯವಾಗಿ ಮಗುವನ್ನು ಒಪ್ಪಿಸಿಬಿಡಲು ಹೇಳುವವರನ್ನು ನೀವು ಎಲ್ಲಿ ತರಬೇತಿ ಕೊಟ್ಟು ತಯಾರಿಸುತ್ತೀರಿ? ನಾನು ಬರೆದುಕೊಡಲಿಲ್ಲ. ರಾಜಿಗಾಗಿ ನೀವು ಕೇಳಿದ ಮೊತ್ತವನ್ನೂ ಕೊಡಲಿಲ್ಲ. ನಮ್ಮ ಬಸ್ ಚಾಲಕರ ಸಂಘದ ವಕೀಲ ಫಿಲ್ ಡೊಂಬ್ರೋಸ್ಕಿ ಬಿಟ್ಟಿಯಾಗಿ ವಾದಿಸಲು ಒಪ್ಪಿಕೊಂಡ.

ಆಗ ನೀವು ಹುಡುಗಿಯ ಹೇಳಿಕೆಯೇ ಬೇಕೆಂದು ಹಟ ಹಿಡಿದಿರಿ. ಬ್ಯಾಂಕಿನ ಮೇಲಂತಸ್ತಿನ ಒಂದು ಕೋಣೆ. ಉದ್ದನೆಯ ಮೇಜು. ನಿಮ್ಮ ವಕೀಲರು ಅವಳಿಗೆ ನೀರು ಕೊಟ್ಟು, ಮುಗುಳ್ನಕ್ಕು ಕೇಳಿದರು: "ಕಳ್ಳತನ ಅಂದ್ರೆ ಏನು ಅಂತ ಗೊತ್ತೇನಮ್ಮ ನಿಂಗೆ?"

"ಗೊತ್ತು. ನಮ್ಮಮ್ಮನ ಮೇಲಿರೋದೂ ಅದೇ ಕೇಸು."

ಅಲ್ಲಿಗೇ ನಿಲ್ಲಿಸಬಹುದಿತ್ತು. ಮನುಷ್ಯರಾಗಿದ್ದರೆ ನಿಲ್ಲಿಸುತ್ತಿದ್ದರು. ಅವರು ಹಾಡುಗಳ ಹೆಸರು ಓದುತ್ತ ಹೋದರು, ಅವಳು ಪ್ರತಿಯೊಂದಕ್ಕೂ "ತಗೊಂಡೆ" ಎನ್ನುತ್ತ ಹೋದಳು. ಫಿಲ್ ತಡೆಯಲು ನೋಡಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಊರಿನವರಿಗೆ ವಿಷಯ ಗೊತ್ತಾಯಿತು. ಇಗರ್ಜಿಯ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನಿನೂಟಕ್ಕೆ ಸೇರಿದ್ದವರ ಮುಂದೆ ಗಾಯಕವೃಂದ ನಡೆಸುವ ಕ್ಲೈಡ್ ಹ್ಯಾನಿಗನ್ ಎದ್ದು ನಿಂತು, "ನಾನಂತೂ ಇನ್ಮೇಲೆ ಈ ಕಂಪನಿಯವ್ರ ಹಾಡಿನ ಒಂದು ಡಿಸ್ಕೂ ಕೊಳ್ಳಲ್ಲ. ನಿಮ್ಮ ನಿಮ್ಮ ಇಷ್ಟ" ಎಂದ. ಮಾರನೆಯ ದಿನ ಜನ ತಮ್ಮ ಡಿಸ್ಕುಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ತಂದು ಶಾಪಿಂಗ್ ಮಾಲ್‌ನಲ್ಲಿರುವ ಡಿಸ್ಕಿನ ಅಂಗಡಿಯ ಕಟ್ಟೆಯ ಮೇಲೆ ಸುರಿದರು. "ನಾನೇನು ಮಾಡ್ಲಿ, ಕೇಸು ಹಾಕಿದ್ದು ನಾನಾ?" ಎಂದು ಅಂಗಡಿಯವಳು ಗೋಳಾಡಿದಳು. "ನೀನಲ್ಲಮ್ಮ. ಅವರಿಗೆ ವಾಪಸ್ ಕಳಿಸಿಬಿಡು, ಜೋಪಾನವಾಗಿ ಇಟ್ಕೊಳ್ಳಲಿ" ಎಂದ ಕ್ಲೈಡ್. ಜೀವಮಾನವಿಡೀ ದುಡ್ಡು ಕೊಟ್ಟೇ ಹಾಡು ಕೇಳಿದ ಜನ ಇವರು. ಕಾನೂನಿನ ಬಗ್ಗೆ ಸಾರ್ವಜನಿಕರಿಗೆ ತಿಳಿವಳಿಕೆ ಮೂಡಿಸುವುದೇ ನಮ್ಮ ಉದ್ದೇಶ ಎಂದು ನೀವು ಹೇಳಿಕೆ ಕೊಟ್ಟಿದ್ದಿರಿ. ಅಭಿನಂದನೆಗಳು. ನಮ್ಮೂರಿಗೆ ತಿಳಿವಳಿಕೆ ಬಂದಿದೆ.

ಆದರೆ ಅಷ್ಟೆಲ್ಲ ಗದ್ದಲದಲ್ಲಿ ಆ ಹುಡುಗಿಗೆ ಕೇಳಿಸಿದ್ದು ಒಂದೇ, ಇದಕ್ಕೆಲ್ಲ ತಾನೇ ಕಾರಣ ಎಂಬುದು. ಒಂದು ಮಧ್ಯಾಹ್ನ ಬಸ್ಸು ನಿಲ್ಲಿಸಿ ಮನೆಗೆ ಬಂದರೆ ಕೌಂಟಿಯ ಮಕ್ಕಳ ಇಲಾಖೆಯ ಮಿಸ್ ಪೆಟ್ರಿ ಸೋಫಾದ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ರೊಶೆಲ್ ಕೋಟು ಹಾಕಿಕೊಂಡು ಕೂತಿದ್ದಾಳೆ.

"ಅವಳೇ ಫೋನ್ ಮಾಡಿ ಕರೆಸಿದ್ಲು, ಬರ್ನಡೀನ್" ಎಂದಳು ಮಿಸ್ ಪೆಟ್ರಿ.

"ಯಾಕೇ ಮಗಾ? ನಾನೇನಾದ್ರೂ ಅಂದ್ನಾ?"

"ನೀವೇನೂ ಅನ್ಲಿಲ್ಲ. ನಾನಿದ್ರೆ ನಿಮ್ಮ ಮನೆ ಕಿತ್ಕೋತಾರೆ."

"ಕಿತ್ಕೊಂಡ್ರೆ ಕಿತ್ಕೊಳ್ಳಲಿ ಬಿಡು. ಇಬ್ರೂ ಬಸ್ಸಲ್ಲೇ ಇರೋಣ."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ನಮ್ಮನೇಲಿ ಎಲ್ರೂ ಹಿಂಗೇ. ನಿಮಗ್ಯಾಕೆ ಬೇಕು" ಎಂದು ಚೀಲ ಎತ್ತಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಮಿಸ್ ಪೆಟ್ರಿ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಅವಳ ಕಣ್ಣಲ್ಲೂ ನೀರಿತ್ತು, ಆದರೂ ಸರಿಸಿದಳು.

ಈಗ ಅವಳಿರುವುದು ಬೇರೆ ಕೌಂಟಿಯ ಬಾಲಕಿಯರ ವಸತಿಗೃಹದಲ್ಲಿ. ಭಾನುವಾರ ಹೋಗಿ ಹೊರಗೆ ಊಟಕ್ಕೆ ಕರೆದೊಯ್ಯುತ್ತೇನೆ. ದಾವೆ ರದ್ದಾಯಿತು ಎಂದು ಹೇಳಿದೆ. "ಹೌದಾ" ಎಂದಳು. ನೀನು ತಪ್ಪು ಮಾಡಿಲ್ಲ ಎಂದೆ. "ನೀವು ಹಾಗೇ ಹೇಳ್ತೀರ, ನೀವು ಒಳ್ಳೇವ್ರು" ಎಂದಳು. ಹೋದ ವಾರ ಕಾರಿನ ರೇಡಿಯೋ ಹಾಕಿದೆ, ಹಾಡು ಬರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಇದನ್ನ ಕೇಳಿದ್ರೆ ಏನೂ ಆಗಲ್ವಾ?" ಏನೂ ಆಗುವುದಿಲ್ಲ ಎಂದೆ. ಆದರೂ ಅವಳೇ ಕೈ ಚಾಚಿ ರೇಡಿಯೋ ಆರಿಸಿದಳು.

ಆದ್ದರಿಂದ ನನ್ನ ಬೇಡಿಕೆ ಇದು. ಪರಿಹಾರ ಬೇಡ, ನನಗೆ ಕ್ಷಮಾಪಣೆಯೂ ಬೇಡ. ನೀವು ಖುದ್ದಾಗಿ, ವಕೀಲರನ್ನು ಕಳಿಸದೆ, ಆ ವಸತಿಗೃಹಕ್ಕೆ ಹೋಗಿ. ಮೇಜಿಲ್ಲದ ಜಾಗದಲ್ಲಿ ಅವಳ ಎದುರು ಕೂತು, ನೀನು ಕಳ್ಳಿಯಲ್ಲ ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಕಳ್ಳಿ ಎಂದವರು ನೀವು, ಅಲ್ಲ ಎನ್ನಬೇಕಾದವರೂ ನೀವೇ. ಭಾನುವಾರ ಬರುವುದಾದರೆ ದಾರಿ ತೋರಿಸಲು ನಾನೇ ಬರುತ್ತೇನೆ.

ಇಂತಿ,
ಹಿಂದೆ ನಿಮ್ಮ ಗ್ರಾಹಕಿ, ಮೊನ್ನೆಯವರೆಗೆ ನಿಮ್ಮ ಪ್ರತಿವಾದಿ,
ಈಗ ಭಾನುವಾರದ ಮಟ್ಟಿಗೆ ಮಾತ್ರ ತಾಯಿ,
ಬರ್ನಡೀನ್ ವೊಜ್ನಿಯಾಕ್
ಈರಿ, ಪೆನ್ಸಿಲ್ವೇನಿಯಾ