ಬರಿಗೊರಳ ಬಹುಮಾನ

ಡಿಸೆಂಬರ್ ೫, ಶುಕ್ರವಾರ. ಆಪಿಯಾ, ಸಮೋವಾ

ಒಂದೇ ಮಾಲೆ ಕಟ್ಟಿಕೊಂಡು ಹೋಗಿದ್ದೆ. ಅದು ಈಗಲೂ ಚುಚ್ಚುತ್ತಿದೆ.

ಶಾಲೆಯ ಬಹುಮಾನದ ದಿನ. ಎಂದಿನಂತೆ ಹೆಸರು ಕೂಗಿದೊಡನೆ ಗೆದ್ದ ಮಕ್ಕಳ ಕೊರಳಿಗೆ ಹಾಕಲು ಮನೆಯವರೆಲ್ಲ ಮಿಠಾಯಿ ಕಟ್ಟಿದ ಮಾಲೆ ಹಿಡಿದು ವೇದಿಕೆಗೆ ನುಗ್ಗುತ್ತಿದ್ದರು. ಅಣ್ಣನ ಮಗ ಟಾವಿಟ ವಿಜ್ಞಾನದಲ್ಲಿ ಮೊದಲಿಗನಾದ, ಅವನಿಗೆ ಹಾಕಿದೆ. ಈ ವರ್ಷದಿಂದ ಮರಗೆಲಸಕ್ಕೂ ಬಹುಮಾನವಿದೆ ಎನ್ನುವುದು ಅದೇ ಶಾಲೆಯಲ್ಲಿ ಗಣಿತ ಕಲಿಸುವ ನನಗೇ ನೆನಪಿರಲಿಲ್ಲ. ಕೊನೆಗೆ ಆ ಬಹುಮಾನಕ್ಕೆ ನನ್ನ ಮಗಳು ಫೆಟುವಿನ ಹೆಸರು ಕೂಗಿದರು. ಅವಳು ಬರಿಗೊರಳಲ್ಲಿ ನಿಂತಿದ್ದಳು, ನಾನು ಬರಿಗೈಯಲ್ಲಿ ಕುಳಿತಿದ್ದೆ.

ಪಕ್ಕದಲ್ಲಿದ್ದ ಅತ್ತೆ ಬಿಡಲಿಲ್ಲ. "ಭೌತಶಾಸ್ತ್ರ ತಗೋ, ಭೌತಶಾಸ್ತ್ರ ತಗೋ ಅಂತ ವರ್ಷವೆಲ್ಲ ಮಗು ತಲೆ ತಿಂದ್ಯಲ್ಲ ಟೀಚರಮ್ಮ! ಇನ್ನೂ ಕೂತಿದ್ದೀಯಾ? ಎದ್ದು ಹೋಗೇ!"

ಓಡಿಹೋಗಿ ತಬ್ಬಿಕೊಂಡೆ. "ಬಿಡಮ್ಮ, ಮಾಲೆ ಇದ್ರೆ ಇರುವೆ ಮುತ್ಕೊಳ್ತವೆ" ಎಂದಳು ಫೆಟು, ನಗದೆ.

ಟಾವಿಟನ ಅಂಕಗಳಿಗೆ ನ್ಯೂಜಿಲೆಂಡಿನ ವಿದ್ಯಾರ್ಥಿವೇತನ ಸಿಗಬಹುದು. ಫೆಟುವಿಗೆ ಆಗಲೇ ಚರ್ಚಿನವರು ನಾಲ್ಕು ಬಾಗಿಲು ಮಾಡಲು ಹೇಳಿದ್ದಾರೆ. ಯಾವ ಓದು ಬದುಕಿಗೆ ಒದಗುತ್ತದೋ ನನಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿರುವವಳ ಹಾಗೆ ವರ್ಷವಿಡೀ ಮಾತಾಡಿದ್ದೇನೆ, ಅಷ್ಟೆ.

ಊಟವಾದ ಮೇಲೆ ಉಳಿದ ಮಿಠಾಯಿಗಳನ್ನು ಸುರಿದುಕೊಂಡು ಇನ್ನೊಂದು ಮಾಲೆ ಕಟ್ಟಲು ಕುಳಿತೆ. ಫೆಟು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಗಂಟೆಲ್ಲ ಸಡಿಲ ಅಮ್ಮ. ಎತ್ತಿದ್ರೆ ಉದುರಿಹೋಗತ್ತೆ. ಕೊಡಿಲ್ಲಿ."

ಕಿತ್ತುಕೊಂಡು ಎಲ್ಲ ಬಿಚ್ಚಿ ಮೊದಲಿನಿಂದ ಶುರುಮಾಡಿದ್ದಾಳೆ. ಗಂಟುಗಳು ಒಂದೇ ಅಳತೆಯಲ್ಲಿ ಬೀಳುತ್ತಿವೆ. ತನ್ನ ಮಾಲೆಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದಾಳೆ, ನಾನು ಎದುರಿಗೆ ಕುಳಿತು ಇದನ್ನು ಬರೆಯುತ್ತಾ, ಅವಳು ಕೈ ಚಾಚಿದಾಗಲೆಲ್ಲ ಒಂದೊಂದು ಮಿಠಾಯಿ ಎತ್ತಿಕೊಡುತ್ತಿದ್ದೇನೆ.