ದೆವ್ವ ಬಿಡಸಾಂವನ್ನ ಕರಸಬ್ಯಾಡ

ಗಚ್ಚಿಬೌಲಿ ದವಾಖಾನಿ, ಸೋಮವಾರ

ತಂಗಿ ಶಿವದೇವಿಗೆ ಅಕ್ಕನ ಆಶೀರ್ವಾದ.

ಈ ಅಮಾಸಿಗೆ ಮತ್ತ ದೆವ್ವ ಬಿಡಸಾಂವನ್ನ ಕರಸಬ್ಯಾಡ. ನನ್ನ ಮೊಮ್ಮಗಳು ಸೌಂದರ್ಯಾನ ಬಡಬಡಿಕಿ ದೆವ್ವದ್ದಲ್ಲ, ಮಿದುಳಿಂದು. ಇಲ್ಲಿ ನಮ್ಮ ರಾಯಚೂರ ಕಡ್ಯಾಕಿ ಒಬ್ಬ ಡಾಕ್ಟರಮ್ಮ ಅದಾಳ, ಆಕಿ ಹೇಳಿದ್ಲು: "ಅಜ್ಜಿ, ಒಂದು ನರ ಇನ್ನೊಂದಕ್ಕ ಸುದ್ದಿ ಮುಟ್ಟಸ್ತೈತಿ. ಆ ಸುದ್ದಿ ಒಳಗ ಬಿಡೋ ಬಾಗಲಾ ಪ್ರೋಟೀನಿಂದು. ರಕ್ತದಾಗಿನ ಕಾವಲುಗಾರರು ಅದನ್ನ ವೈರಿ ಅಂತ ತಿಳದು ಕೀಳಾಕತ್ತಾರ."

"ಪ್ರೋಟೀನ್ ಅಂದ್ರ ಬ್ಯಾಳಿ ಅಲ್ಲೇನವಾ? ನಮ್ಮ ಮನ್ಯಾಗ ತೊಗರಿಗೇನು ಬರ?" ಅಂದೆ.

"ಅದಲ್ಲ ಅಜ್ಜಿ, ಇದು ಮೈ ತಾನ ಮಾಡಿಕೊಳ್ಳೋದು."

ಮಿಷನ್ನಿಗೆ ರಕ್ತ ಹಾಯಿಸಿ, ಆ ಕಾವಲುಗಾರರು ಇರೋ ಹಳದಿ ನೀರು ಚೆಲ್ಲಿ, ಕೆಂಪಷ್ಟ ಮೈಗೆ ತಿರುಗಿ ಬಿಡತಾರ. ಥೇಟ್ ಬ್ಯಾಳಿ ಕಟ್ಟು ಬಸದಂಗ. ಮೂರು ಸಲ ಆತು, ಎರಡು ಉಳದಾವ. ಹುಡುಗಿ ಇನ್ನೂ ನನ್ನ ಗುರ್ತು ಹಿಡದಿಲ್ಲ. ದೆವ್ವ ಬಿಡಸಾಂವನ ಕೈಲೆ ಬೇವಿನ ಕಟಗೀಲೆ ಹೊಡಸಿದ ಬಾಸುಂಡಿ ಆಕಿ ಬೆನ್ನ ಮ್ಯಾಲ ಹಂಗ ಅದಾವ.

ನನ್ನ ಬಿ.ಪಿ. ಗುಳಿಗಿ ಮುಗದಾವ, ಕಳಸು.

ಫೋನಿನ್ಯಾಗ ಹೇಳಿದ್ರ ನೀ ಒಬ್ಬಾಕೀನ ಕೇಳತಿ. ಕಾರ್ಡ್ ಆದ್ರ ಪೋಸ್ಟ್‌ಮನ್ ಸೂಗಪ್ಪ ದಾರ್ಯಾಗ ಓದಿ ಊರಿಗೆಲ್ಲ ಹೇಳತಾನ. ಅದಕ್ಕ ಬರದೀನಿ.

ಸೂಗಪ್ಪಾ, ಈ ಸಲ ಕಟ್ಟಿ ಮ್ಯಾಲ ನಿಂತು ಗಟ್ಟಿಯಾಗಿ ಓದು: ಹುಡುಗಿಗೆ ರೋಗ ಬಂದೈತಿ, ದೆವ್ವ ಬಡದಿಲ್ಲ, ಹೊಡಸಿದ ತಪ್ಪು ಈ ಕಾರ್ಡ್ ಬರದ ಮುದುಕೀದು.

ನಿನ್ನ ಅಕ್ಕ